ಆಂಡೋರ್: ಶಿಖರ ಎಲ್ಲಿದೆ?

'ಸ್ಟಾರ್ ವಾರ್ಸ್' ಲೋಕದ 'ಆಂಡೋರ್' ಸರಣಿಯ ಎರಡನೆಯ ಸೀಸನ್ 2025ರ ಏಪ್ರಿಲ್-ಮೇ ತಿಂಗಳಲ್ಲಿ ಬಂದು ಮುಗಿದ ಮೇಲೆ ಒಂದು ತೀರ್ಪು ಎಲ್ಲ ಕಡೆ ಗಟ್ಟಿಯಾಗಿ ತಳವೂರಿದೆ. ಗೋರ್ಮನ್ ಎಂಬ ಗ್ರಹದ ಹತ್ಯಾಕಾಂಡದ ಕಂತು, ಅದರ ಬೆನ್ನಿಗೇ ಬರುವ, ಸೆನೆಟರ್ ಮಾನ್ ಮಾತ್ಮಾ ಸೆನೆಟ್‌ನಲ್ಲಿ ಮಾಡುವ ಭಾಷಣದ ಕಂತು, ಇವೆರಡೇ ಸರಣಿಯ ಶಿಖರ ಎನ್ನುತ್ತಾರೆ. ಭಾಷಣದ ಕಂತು ಬರೆದ ಡ್ಯಾನ್ ಗಿಲ್ರಾಯ್ ಅವರಿಗೆ ಎಮ್ಮಿ ಪ್ರಶಸ್ತಿಯೂ ಬಂತು. ನನಗೆ ಇದು ಒಪ್ಪಿಗೆಯಿಲ್ಲ. ಸರಣಿ ತನ್ನ ಎತ್ತರ ಮುಟ್ಟಿದ್ದು 2022ರಲ್ಲಿ, ಮೊದಲ ಸೀಸನ್ನಿನ ಎಂಟು, ಒಂಬತ್ತು, ಹತ್ತನೆಯ ಕಂತುಗಳಲ್ಲಿ. ಅವನ್ನು ಬರೆದವರು ಬೋ ವಿಲಿಮನ್, ನಿರ್ದೇಶಿಸಿದವರು ಟೋಬಿ ಹೇಯ್ನ್ಸ್. ಈ ಮೂರು ಕಂತುಗಳನ್ನು ಹೊಗಳದವರಿಲ್ಲ, ನಿಜ. ಆದರೆ ಹೊಗಳುವವರು ಹತ್ತನೆಯ ಕಂತಿನ ಜೈಲು ಒಡೆಯುವ ಗದ್ದಲವನ್ನಷ್ಟೇ ನೆನೆಯುತ್ತಾರೆ. ನಿಜವಾದ ಕೆಲಸ ನಡೆದಿರುವುದು ಅದಕ್ಕೂ ಮೊದಲು, ಒಂದು ನೆಲದ ಮೇಲೆ.

ನರ್ಕಿನಾ 5 ನೀರಿನ ನಡುವೆ ಎದ್ದು ನಿಂತ ಜೈಲು. ಅಲ್ಲಿ ಕೈಕೋಳವಿಲ್ಲ, ಮಲಗುವ ಗೂಡುಗಳಿಗೆ ಬಾಗಿಲಿಲ್ಲ. ಕೈದಿಗಳೆಲ್ಲ ಬರಿಗಾಲಲ್ಲಿರುತ್ತಾರೆ. ಬೆಳ್ಳನೆಯ ಆ ಲೋಹದ ನೆಲಕ್ಕೆ ಗುಂಡಿಯೊತ್ತಿ ವಿದ್ಯುತ್ ಹರಿಸಬಹುದು. ಕಾವಲುಗಾರರ ಕಾಲಲ್ಲಿ ಮಾತ್ರ ಕರೆಂಟು ತಾಗದ ಬೂಟು. ಒಂದು ಕೋಣೆಗೆ ಏಳು ಮೇಜು, ಮೇಜಿಗೆ ಏಳು ಜನ, ಹನ್ನೆರಡು ಗಂಟೆಯ ಪಾಳಿ. ಏನು ತಯಾರಿಸುತ್ತಿದ್ದೇವೆ ಎಂದು ಯಾರಿಗೂ ಗೊತ್ತಿಲ್ಲ. ಹಿಂದೆ ಬಿದ್ದ ಮೇಜಿಗೆ ಶಾಕ್, ಮುಂದಿದ್ದ ಮೇಜಿಗೆ ಕೊಳವೆಯಲ್ಲಿ ಬರುವ ಸಪ್ಪೆ ಊಟಕ್ಕೆ ಒಂದಿಷ್ಟು ರುಚಿ. ರಾತ್ರಿ ಓಣಿಯ ನೆಲ ಕೆಂಪಾಯಿತೆಂದರೆ ಗೂಡಿನಿಂದ ಕಾಲು ಹೊರಗಿಡುವಂತಿಲ್ಲ. ಬಿಡುಗಡೆಗೆ ಇನ್ನೆಷ್ಟು ಪಾಳಿ ಉಳಿದಿದೆ ಎಂಬ ಸಂಖ್ಯೆ ಮಾತ್ರ ಪ್ರತಿಯೊಬ್ಬನ ಕಣ್ಣೆದುರಿಗೇ ಇರುತ್ತದೆ.

ಈ ಏರ್ಪಾಡನ್ನು ಯಾವ ಪಾತ್ರವೂ ಭಾಷಣ ಮಾಡಿ ವಿವರಿಸುವುದಿಲ್ಲ. ನೋಡುತ್ತ ನೋಡುತ್ತ ನಾವೇ ಲೆಕ್ಕ ಹಾಕುತ್ತೇವೆ. ಮೇಜುಗಳ ನಡುವೆ ಸ್ಪರ್ಧೆ ಹಚ್ಚಿದ ಮೇಲೆ ಕೈದಿಯೇ ಪಕ್ಕದ ಕೈದಿಯನ್ನು ಗದರಿಸಿ ದುಡಿಸುತ್ತಾನೆ, ಚಾಟಿ ಹಿಡಿದವನು ಬೇಕಿಲ್ಲ. ನೆಲವೇ ಕಾವಲು ಕಾಯುವಾಗ ಕಾವಲುಗಾರರೂ ಹೆಚ್ಚು ಬೇಕಿಲ್ಲ. ಹಾಗಾದರೆ ಇಡೀ ಜೈಲಿನ ಗುಟ್ಟು ಒಂದೇ: ಕಾವಲುಗಾರರು ಬಹಳ ಕಡಿಮೆ ಇದ್ದಾರೆ, ಅದು ಕೈದಿಗಳಿಗೆ ಗೊತ್ತಾಗಬಾರದು. ಇಲ್ಲಿಗೆ ಕೈದಿಯಾಗಿ ಬಂದ ಕಥಾನಾಯಕ ಕ್ಯಾಸಿಯನ್ ಆಂಡೋರ್ ಕೇಳುತ್ತಲೇ ಇರುವ ಪ್ರಶ್ನೆ ಇದೇ. ಒಂದೊಂದು ಅಂತಸ್ತಿನಲ್ಲಿ ಎಷ್ಟು ಕಾವಲುಗಾರರಿದ್ದಾರೆ?

ಅವನು ಕೇಳುವುದು ಕೀನೋ ಲಾಯ್ ಎಂಬ ಮೇಸ್ತ್ರಿಯನ್ನು. ಆಂಡಿ ಸರ್ಕಿಸ್ ಮಾಡಿದ ಈ ಪಾತ್ರ ಸ್ವತಃ ಕೈದಿ, ಆದರೂ ಕೋಣೆಯನ್ನು ಹತೋಟಿಯಲ್ಲಿಟ್ಟು ಮಾಲು ಹೊರಡಿಸುವವನು. ಕ್ಯಾಸಿಯನ್ ಒಳಗೆ ಬಂದಾಗ ಕೀನೋಗೆ ಉಳಿದಿರುವುದು 249 ಪಾಳಿ. ಆ ಸಂಖ್ಯೆಯನ್ನು ಬಿಟ್ಟು ಅವನಿಗೆ ಬೇರೆ ಪ್ರಪಂಚವಿಲ್ಲ. ಕಾವಲುಗಾರರ ಪ್ರಶ್ನೆ ಬಂದಾಗಲೆಲ್ಲ ಬಾಯಿ ಮುಚ್ಚಿಸುತ್ತಾನೆ. ಒಂಬತ್ತನೆಯ ಕಂತಿನ ಕೊನೆಗೆ ಮುದುಕ ಉಲಾಫ್ ಕುಸಿದು ಬೀಳುತ್ತಾನೆ. ಅವನಿಗೆ ಉಳಿದಿದ್ದು ಕೆಲವೇ ಪಾಳಿ. ಜೊತೆಯವರು ಅವನ ಪಾಲಿನ ಕೆಲಸವನ್ನೂ ಎಳೆದುಕೊಂಡು ಅವನನ್ನು ದಾಟಿಸಲು ನೋಡಿದ್ದಾರೆ. ಬರುವ ವೈದ್ಯನೂ ಕೈದಿಯೇ. ಅವನು ಕೊಡಬಲ್ಲದ್ದು ನೋವಿಲ್ಲದ ಸಾವು ಮಾತ್ರ. ಸೂಜಿ ಚುಚ್ಚಿ, ಎರಡನೆಯ ಅಂತಸ್ತಿನಲ್ಲಿ ಏನಾಯಿತೆಂದು ತಗ್ಗಿದ ದನಿಯಲ್ಲಿ ಹೇಳುತ್ತಾನೆ. ಒಂದು ಅಂತಸ್ತಿನಿಂದ ಬಿಡುಗಡೆಯಾದವನು ಇನ್ನೊಂದು ಅಂತಸ್ತಿಗೆ ಕೈದಿಯಾಗಿಯೇ ಬಂದ. ಸುದ್ದಿ ಹಬ್ಬಿತು. ಹಬ್ಬಿದ್ದಕ್ಕೆ ಅಲ್ಲಿದ್ದ ನೂರು ಜನರನ್ನೂ ನೆಲಕ್ಕೆ ಕರೆಂಟು ಬಿಟ್ಟು ಕೊಂದರು. ಅಂದರೆ ಇಲ್ಲಿಂದ ಯಾರೂ ಹೊರಗೆ ಹೋಗುವುದಿಲ್ಲ.

ಕ್ಯಾಸಿಯನ್ ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಕೀನೋ ಉತ್ತರಿಸುತ್ತಾನೆ: ಎಂದೂ ಹನ್ನೆರಡಕ್ಕಿಂತ ಹೆಚ್ಚಿಲ್ಲ. ಅಲ್ಲಿಗೆ ಕಂತು ಮುಗಿಯುತ್ತದೆ.

ಈ ಉತ್ತರವನ್ನು ಎಲ್ಲರೂ ಕೀನೋ ಮನಸ್ಸು ಬದಲಾದ ಗಳಿಗೆ ಎಂದು ಓದಿ ಮುಂದೆ ಹೋಗುತ್ತಾರೆ. ಉತ್ತರ ಎಷ್ಟು ಸಿದ್ಧವಾಗಿತ್ತು ಎಂಬುದನ್ನು ಗಮನಿಸಬೇಕು. ಅವನು ಯೋಚಿಸುವುದಿಲ್ಲ, ಅಂದಾಜು ಮಾಡುವುದಿಲ್ಲ. ಒಂದು ದಿನ ನೋಡಿ ಹೇಳುವ ಉತ್ತರವೂ ಇದಲ್ಲ. ಪಾಳಿಗೆ ಪಾಳಿ ಗಮನಿಸಿದವನು ಮಾತ್ರ 'ಎಂದೂ' ಎನ್ನಬಲ್ಲ. ತನ್ನ ಪಾಳಿಗಳನ್ನಷ್ಟೇ ಎಣಿಸುತ್ತಿದ್ದಾನೆ ಎಂದು ನಾವು ನಂಬಿದ್ದ ಮನುಷ್ಯ ಒಳಗೊಳಗೇ ಕಾವಲುಗಾರರನ್ನೂ ಎಣಿಸುತ್ತಿದ್ದ. ಗದರಿಸುವಾಗಲೂ, ಬಾಯಿ ಮುಚ್ಚಿಸುವಾಗಲೂ ಉತ್ತರ ಅವನ ಬಳಿಯೇ ಇತ್ತು. ಒಬ್ಬ ಮನುಷ್ಯನೊಳಗೆ ವಿಧೇಯತೆಯೂ ಬಂಡಾಯವೂ ವರ್ಷಗಟ್ಟಲೆ ಒಟ್ಟಿಗೆ ಇರಬಹುದು ಎಂಬ ಸತ್ಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಇನ್ನೊಂದು ಟೀವಿ ದೃಶ್ಯ ನನಗೆ ಗೊತ್ತಿಲ್ಲ. ಮುಂದಿನ ಕಂತಿನಲ್ಲಿ ಮೈಕ್ ಮುಂದೆ ನಿಂತ ಕೀನೋ ಮೊದಲು ತಡವರಿಸುತ್ತಾನೆ, ಆಮೇಲೆ ಕ್ಯಾಸಿಯನ್ ಆಡಿದ್ದ ಮಾತುಗಳನ್ನೇ ತನ್ನದಾಗಿಸಿಕೊಂಡು ಐದು ಸಾವಿರ ಜನರನ್ನು ಹೊರಡಿಸುತ್ತಾನೆ. ನೀರಿನ ಅಂಚಿಗೆ ಬಂದಾಗ ತನಗೆ ಈಜು ಬಾರದು ಎನ್ನುತ್ತಾನೆ. ಸುತ್ತ ನೀರೇ ಇದೆಯೆಂದು ಅವನಿಗೆ ಮೊದಲೇ ಗೊತ್ತಿತ್ತು. ಆ ಭಾಷಣಕ್ಕೆ ತೂಕ ಬಂದಿರುವುದು ಅದರಿಂದ.

ಈಗ ವಿಮರ್ಶಕರ ವಿಷಯ. 'ಆಂಡೋರ್' ಬಗ್ಗೆ ಬರೆಯುವವರಲ್ಲಿ ಬಹುಪಾಲು ಜನ ಅದು ಯಾವ ಯಾವ ಚರಿತ್ರೆಯನ್ನು ನೆನಪಿಸುತ್ತದೆ ಎಂದು ಪಟ್ಟಿ ಮಾಡಿ ಕೈತೊಳೆದುಕೊಳ್ಳುತ್ತಾರೆ. ಮೊದಲ ಸೀಸನ್ನಿನ ಆಲ್ಡಾನಿ ಗ್ರಹದ ಖಜಾನೆ ಲೂಟಿಗೆ 1907ರಲ್ಲಿ ಸ್ಟಾಲಿನ್ ಗುಂಪು ಟಿಫ್ಲಿಸ್‌ನಲ್ಲಿ ನಡೆಸಿದ ದರೋಡೆ, ಎರಡನೆಯ ಸೀಸನ್ನಿನ ಗುಪ್ತ ಸಭೆಗೆ 1942ರ ವಾನ್‌ಸೀ ಸಭೆ. ಈ ಮೂಲಗಳನ್ನು ಸರಣಿಯ ಕರ್ತೃ ಟೋನಿ ಗಿಲ್ರಾಯ್ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ, ಅದರಲ್ಲಿ ತಕರಾರಿಲ್ಲ. ಆದರೆ ಮೂಲ ಪತ್ತೆ ಹಚ್ಚುವುದೇ ಮೌಲ್ಯಮಾಪನ ಎಂದುಕೊಂಡರೆ ಕೃತಿಗೆ ಅನ್ಯಾಯವಾಗುತ್ತದೆ. ಈ ಓದಿನ ಹಿಂದೆ ಇನ್ನೊಂದು ಧೋರಣೆಯಿದೆ: ಅನ್ಯಗ್ರಹ, ರೋಬೋ, ಲೇಸರ್ ಬಂದೂಕಿನ ಕಥೆಗೆ ಸ್ವಂತ ಬೆಲೆಯಿಲ್ಲ, ಅದು ನಿಜ ಚರಿತ್ರೆಗೆ ಬೆರಳು ತೋರಿಸಿದಾಗ ಮಾತ್ರ ದೊಡ್ಡವರು ನೋಡಬಹುದು. 'ಇದು ಸ್ಟಾರ್ ವಾರ್ಸ್ ಥರ ಇಲ್ಲ' ಎಂಬುದನ್ನು ಹೊಗಳಿಕೆಯಾಗಿ ಆಡುವವರೆಲ್ಲ ಈ ಧೋರಣೆಯವರೇ. ವೈಜ್ಞಾನಿಕ ಕಥೆಯನ್ನು ಚಿಕ್ಕಂದಿನಿಂದ ಪ್ರೀತಿಸಿದ ನನಗೆ ಇದು ಸಹಿಸಲಾಗದ ಮಾತು. ನರ್ಕಿನಾದ ನೆಲ ಯಾವ ದೇಶದ ಚರಿತ್ರೆಯಲ್ಲೂ ಇರಲಿಲ್ಲ. ಅದನ್ನು ಯಾರೋ ಕೂತು ಕಲ್ಪಿಸಿದರು. ಆ ಕಲ್ಪನೆಯಿಂದಲೇ ದುಡಿಮೆ, ಭಯ, ಅಧಿಕಾರ ಹೇಗೆ ಹೆಣೆದುಕೊಂಡಿವೆ ಎಂಬುದು ಕಾಣುವಂತಾಯಿತು. ಕಲ್ಪನೆ ಇಲ್ಲಿ ಹೊದಿಕೆಯಲ್ಲ, ಆಲೋಚಿಸುತ್ತಿರುವುದೇ ಅದು.

ಗೋರ್ಮನ್ ಕಂತುಗಳು ಸೋಲುವುದು ಇಲ್ಲಿಯೇ. ಆ ಜನಕ್ಕೆ ಫ್ರೆಂಚ್ ನಟರು, ಕೆಫೆಗಳು, ಎರಡನೆಯ ಮಹಾಯುದ್ಧದ ಪ್ರತಿರೋಧ ಚಳವಳಿಯ ಹಾವಭಾವ. ಸಾಮ್ರಾಜ್ಯದವರು ಚೌಕದಲ್ಲಿ ಜನರನ್ನು ಕೂಡಿಹಾಕಿ, ತಮ್ಮದೇ ಸೈನಿಕನೊಬ್ಬನನ್ನು ಮರೆಯಿಂದ ಹೊಡೆಸಿ, ಆ ನೆಪದಲ್ಲಿ ಗುಂಡಿನ ಮಳೆಗರೆಯುವಾಗ ನಮಗೆ ಜಲಿಯನ್‌ವಾಲಾ ಬಾಗ್ ನೆನಪಾಗದೆ ಇರದು. ಎದೆ ಹಿಂಡುತ್ತದೆ. ಆದರೆ ಆ ಸಂಕಟದಲ್ಲಿ ಬಹುಪಾಲು ನಾವು ಹೊರಗಿನಿಂದ ತಂದದ್ದು. ಗೋರ್ಮನ್ನರು ಹೇಗೆ ಬದುಕುತ್ತಿದ್ದರು, ಅವರ ರೇಷ್ಮೆಯ ಕಸುಬು ಹೇಗೆ ನಡೆಯುತ್ತಿತ್ತು, ಅವರೊಳಗೆ ಯಾರಿಗೆ ಯಾರ ಮೇಲೆ ಸಿಟ್ಟಿತ್ತು, ಇದಕ್ಕೆಲ್ಲ ಸರಣಿಗೆ ಪುರಸೊತ್ತಿಲ್ಲ. ಐದು ಸೀಸನ್ನಿಗೆಂದು ಯೋಚಿಸಿದ್ದ ಕಥೆಯನ್ನು ಎರಡಕ್ಕೆ ಇಳಿಸಿದ್ದರಿಂದ ಎರಡನೆಯ ಸೀಸನ್ ಮೂರು ಕಂತಿಗೊಮ್ಮೆ ಒಂದು ವರ್ಷ ಜಿಗಿಯುತ್ತದೆ. ಮಾನ್ ಮಾತ್ಮಾಳ ಭಾಷಣವೂ ನಾವು ಆಗಲೇ ಕಣ್ಣಾರೆ ಕಂಡದ್ದಕ್ಕೆ ಹೆಸರಿಡುತ್ತದೆ, ಹೊಸದೇನನ್ನೂ ತಿಳಿಸುವುದಿಲ್ಲ. ಆ ಪಾತ್ರ ಮಾಡಿದ ಜೆನೆವೀವ್ ಒ'ರೈಲಿ ಅದನ್ನು ಗಂಭೀರವಾಗಿ ನಿಭಾಯಿಸಿದ್ದಾರೆ ಎಂಬುದು ಬೇರೆ ಮಾತು.

ಎರಡನೆಯ ಸೀಸನ್ನಿನಲ್ಲಿ ಬಂಡಾಯಗಾರ್ತಿ ಕ್ಲೇಯಾ ಆಸ್ಪತ್ರೆಗೆ ನುಗ್ಗುವ ಹತ್ತನೆಯ ಕಂತು ಮಾತ್ರ ನರ್ಕಿನಾದ ಸಾಲಿಗೆ ನಿಲ್ಲುತ್ತದೆ. ಉಳಿದವು ಒಳ್ಳೆಯ ಟೀವಿ, ಅಷ್ಟೆ. ಮೊದಲ ಸೀಸನ್ನಿನ ಹತ್ತನೆಯ ಕಂತಾದ 'ಒನ್ ವೇ ಔಟ್'ನ ಬರವಣಿಗೆಗೂ ಎಮ್ಮಿ ನಾಮನಿರ್ದೇಶನ ಬಂದಿತ್ತು, ಪ್ರಶಸ್ತಿ ಬರಲಿಲ್ಲ. ಎರಡರಲ್ಲಿ ಒಂದಕ್ಕೇ ಸಿಗಬೇಕಿದ್ದರೆ ಸಿಗಬೇಕಾದದ್ದು ಅದಕ್ಕೆ. ಸರಣಿಯನ್ನು ಇನ್ನೂ ನೋಡದವರಲ್ಲಿ ನನ್ನದೊಂದು ವಿನಂತಿ: ಮೊದಲ ಕಂತುಗಳು ನಿಧಾನ ಎನ್ನುವವರ ಮಾತು ಕೇಳಿ ಹತ್ತನೆಯದಕ್ಕೆ ಹಾರಬೇಡಿ, ಎಂಟನೆಯದನ್ನೂ ಒಂಬತ್ತನೆಯದನ್ನೂ ಪೂರ್ತಿ ನೋಡಿ.