ರಿಂಗ್ ಒಂದೇ ರಾತ್ರಿಗೆ ಸವೆಯುವುದಿಲ್ಲ

ಸೆಲ್ಫ್ ಹೊಡೆದಾಗ ಗಟ್ಟಿಮುಟ್ಟಾದ ಎಂಜಿನ್ ತಡೆದು ತಡೆದು ತಿರುಗುತ್ತದೆ. ಒಂದೊಂದು ಸಿಲಿಂಡರೂ ಗಾಳಿಯನ್ನು ಅದುಮುವಾಗ ಸ್ಟಾರ್ಟರ್ ಮೋಟರ್ ತುಸು ತಿಣುಕುತ್ತದೆ, ಆ ಏರಿಳಿತ ಕಿವಿಗೇ ಕೇಳುತ್ತದೆ. ಪ್ಲಗ್ಗಿನಲ್ಲಿ ಕಿಡಿಯಿದೆ, ಪೆಟ್ರೋಲ್ ಬರುತ್ತಿದೆ, ಆದರೂ ಎಂಜಿನ್ ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ತಿರುಗುತ್ತಲೇ ಇದೆಯೇ? ಹಾಗಾದರೆ ಕಂಪ್ರೆಷನ್ ಇಲ್ಲ. ಇಷ್ಟನ್ನು ಬಾನೆಟ್ ಎತ್ತದೆಯೇ ಹೇಳಬಹುದು.

ತಕರಾರು ಇರುವುದು ಮೆಕ್ಯಾನಿಕ್ ಆಡುವ ಮುಂದಿನ ಮಾತಿನಲ್ಲಿ. "ರಿಂಗ್ ಹೋಗಿದೆ ಸಾರ್, ಎಂಜಿನ್ ಇಳಿಸ್ಬೇಕು." ಹಳೆಯ ಮಾರುತಿ 800 ಗಾಡಿಯನ್ನೇ ತೆಗೆದುಕೊಳ್ಳಿ. 796 ಸಿಸಿ, ಮೂರು ಸಿಲಿಂಡರ್. ಒಂದು ಸಿಲಿಂಡರ್ ಕೈಕೊಟ್ಟರೂ ಅದು ಗಡಗಡ ನಡುಗುತ್ತಾ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ. ಪಿಸ್ಟನ್ ರಿಂಗ್ ಸವೆಯುವುದು ವರ್ಷಗಟ್ಟಲೆ. ಅಷ್ಟರಲ್ಲಿ ನೀಲಿ ಹೊಗೆ ಬಿಟ್ಟು, ಆಯಿಲ್ ಕುಡಿದು ಮಾಲೀಕನಿಗೆ ಬೇಕಾದಷ್ಟು ಸೂಚನೆ ಕೊಟ್ಟಿರುತ್ತದೆ. ನಿನ್ನೆ ಸಂಜೆ ಸಲೀಸಾಗಿ ಓಡಿದ್ದು ಇವತ್ತು ಬೆಳಿಗ್ಗೆ ಪೂರ್ತಿ ಮೊಂಡು ಹಿಡಿದರೆ ಮೊದಲ ಅನುಮಾನ ಟೈಮಿಂಗ್ ಬೆಲ್ಟಿನ ಮೇಲೆ. ಆಯಿಲ್ ಹಾಕುವ ಮುಚ್ಚಳ ತೆಗೆದು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ, ಒಳಗೆ ಇಣುಕಿ. ರಾಕರ್‌ಗಳು ಮಿಸುಕದಿದ್ದರೆ ಬೆಲ್ಟ್ ತುಂಡಾಗಿದೆ.

ಗ್ಯಾಸ್ ಕಿಟ್ ಹಾಕಿಸಿದ ಗಾಡಿಗಳ ಕಾಟ ಬೇರೆ. ವಾಲ್ವ್ ಸೀಟು ಸವೆದು ಟ್ಯಾಪೆಟ್ ಗ್ಯಾಪ್ ಮಾಯವಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚುವುದೇ ಇಲ್ಲ. ಫೀಲರ್ ಗೇಜ್ ಹಿಡಿದು ಟ್ಯಾಪೆಟ್ ಸೆಟ್ ಮಾಡಿದರೆ ಎಷ್ಟೋ ಸಲ ಎಂಜಿನ್ನಿಗೆ ಜೀವ ಬರುತ್ತದೆ.

ಇವೆರಡೂ ಅಲ್ಲವಾದರೆ ಕಂಪ್ರೆಷನ್ ಗೇಜ್. ಎಲ್ಲ ಪ್ಲಗ್ಗುಗಳನ್ನೂ ಬಿಚ್ಚಿ, ಇಗ್ನಿಷನ್ ಕಾಯಿಲಿನ ಕನೆಕ್ಷನ್ ತೆಗೆದು, ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಬರುವುದನ್ನೂ ನಿಲ್ಲಿಸಿ. ಆಕ್ಸಿಲರೇಟರನ್ನು ಪೂರ್ತಿ ತುಳಿದಿಟ್ಟೇ ಸೆಲ್ಫ್ ಹೊಡೆಯಬೇಕು. ತುಳಿಯದಿದ್ದರೆ ಒಳ್ಳೆಯ ಎಂಜಿನ್ ಕೂಡ ಕಡಿಮೆ ತೋರಿಸುತ್ತದೆ. ಮುಳ್ಳು ಮೆಟ್ಟಿಲು ಮೆಟ್ಟಿಲಾಗಿ ಏರಿ ನಾಲ್ಕೈದು ಹೊಡೆತಕ್ಕೆ ನಿಲ್ಲುತ್ತದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ 150ರಿಂದ 180 ಪಿಎಸ್‌ಐ ಬಂದರೆ ಚಿಂತೆಯಿಲ್ಲ. 100ಕ್ಕಿಂತ ಕೆಳಗಿದ್ದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವುದು ಕಷ್ಟ.

ಈಗ ಪ್ಲಗ್ಗಿನ ತೂತಿನಲ್ಲಿ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಕದಲದಿದ್ದರೆ ತೊಂದರೆ ವಾಲ್ವಿನಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ; ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ನನ್ನ ಓಟು ಗ್ಯಾಸ್ಕೆಟ್ಟಿಗೆ. ಇದಕ್ಕೆ ಹೆಡ್ ಬಿಚ್ಚಿದರೆ ಸಾಕು, ಎಂಜಿನ್ ಇಳಿಸಬೇಕಿಲ್ಲ. ಮುಳ್ಳು ಜಿಗಿದು ಮೇಲೇರಿದರೆ ರಿಂಗ್ ಇರಬಹುದು. ಚೋಕ್ ಎಳೆದೆಳೆದು ಸೆಲ್ಫ್ ಹೊಡೆದಾಗ ಪೆಟ್ರೋಲ್ ತುಂಬಿಕೊಂಡು ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದುಹಾಕಿದ್ದರೂ ಹೀಗೇ ಆಗುತ್ತದೆ. ಆಗ ಆ ಚಮಚ ಆಯಿಲೇ ಔಷಧಿ: ಪ್ಲಗ್ ಒರೆಸಿ ಹಾಕಿ, ಎಂಜಿನ್ ಒಂದಿಷ್ಟು ಹೊಗೆ ಉಗುಳಿ ಸ್ಟಾರ್ಟ್ ಆಗುತ್ತದೆ. ಆಮೇಲೆ ಆಯಿಲ್ ಬದಲಿಸಿಬಿಡಿ, ಪೆಟ್ರೋಲ್ ಬೆರೆತಿರುತ್ತದೆ.

ಎಂಜಿನ್ ಇಳಿಸಲು ಒಪ್ಪುವ ಮೊದಲು ಮೂರೂ ಸಿಲಿಂಡರಿನ ರೀಡಿಂಗನ್ನು, ಆಯಿಲ್ ಬಿಡುವ ಮುಂಚಿನದು ಮತ್ತು ಬಿಟ್ಟಮೇಲಿನದು ಎರಡನ್ನೂ, ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಗ್ಯಾರೇಜಿನಿಂದ ಗಾಡಿಯನ್ನು ಎಳೆಸಿಕೊಂಡಾದರೂ ಹೊರಡಿ.