ಕಲ್ಲಿನ ಕರಾರು, ಫೇಸ್‌ಬುಕ್ಕಿನ ಕರಾರು

ಶಿಕಾರಿಪುರ, ಸೊರಬ ಸೀಮೆಯಲ್ಲಿ ಶಾಸನಗಳಿಗೆ ಬರವಿಲ್ಲ. ಬಿ.ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೇ ಸಂಪುಟಗಳ ದೊಡ್ಡ ಪಾಲು ಈ ಎರಡು ತಾಲೂಕುಗಳದ್ದೇ. ದಾನಶಾಸನದ ಧಾಟಿ ನಮಗೆ ಗೊತ್ತಿರುವುದೇ. ಕೊಟ್ಟವರಾರು, ಪಡೆದವರಾರು, ಭೂಮಿಯ ಎಲ್ಲೆ ಯಾವುದು ಎಂದು ಹೇಳಿ ಕೊನೆಗೆ ಶಾಪ ಹಾಕುತ್ತದೆ. ಪರರು ಕೊಟ್ಟದ್ದಿರಲಿ, ತಾನೇ ಕೊಟ್ಟದ್ದನ್ನು ಕಸಿದರೂ ಪಾಪವೇ. ಬಳ್ಳಿಗಾವಿಯ ಕೋಡಿಮಠದ 1162ರ ಶಾಸನವು ಅಲ್ಲಿ ದೀನರಿಗೆ, ಕುರುಡರಿಗೆ, ನಾನಾ ಮತದ ಭಿಕ್ಷುಗಳಿಗೆ ಅನ್ನವೂ ರೋಗಿಗಳಿಗೆ ಔಷಧಿಯೂ ದೊರೆಯುತ್ತಿತ್ತೆಂದು ಹೇಳುತ್ತದೆ. ಹಕ್ಕು ಯಾರದು, ಹೊಣೆ ಯಾರದು ಎಂಬುದು ಕಲ್ಲಿನ ಮೇಲೆ ಸ್ಪಷ್ಟ.

ಇದರ ಪಕ್ಕದಲ್ಲಿ ನಾವು ಇನ್ನೊಂದು ಕರಾರನ್ನು ಇಟ್ಟು ಓದಬೇಕಾಗಿದೆ. 2009ರಲ್ಲಿ ಫೇಸ್‌ಬುಕ್ ತನ್ನ ನಿಬಂಧನೆಗಳನ್ನು ಸದ್ದಿಲ್ಲದೆ ಬದಲಿಸಿತು. ಖಾತೆ ಮುಚ್ಚಿದ ಮೇಲೂ ನಮ್ಮ ಬರಹ, ಚಿತ್ರಗಳು ಕಂಪೆನಿಯ ಕೈಯಲ್ಲೇ ಉಳಿಯುತ್ತವೆಂದು ಬಳಕೆದಾರರು ಗಲಾಟೆಯೆಬ್ಬಿಸಿದರು. ಕಂಪೆನಿ ಹಿಂದೆ ಸರಿದು 'ಹಕ್ಕು ಮತ್ತು ಹೊಣೆಗಾರಿಕೆಗಳ ಹೇಳಿಕೆ' ಎಂಬ ಹೊಸ ಪತ್ರ ತಂದಿತು. ಬದಲಾವಣೆಗಳ ಮೇಲೆ ಮತ ಹಾಕುವ ಅವಕಾಶವನ್ನೂ ಕೊಟ್ಟಿತು. ಷರತ್ತು ಮಾತ್ರ ನೋಡಿ: ಶೇ. 30ರಷ್ಟು ಬಳಕೆದಾರರು ಮತ ಹಾಕಿದರಷ್ಟೇ ಫಲಿತಾಂಶಕ್ಕೆ ಕಂಪೆನಿ ಬದ್ಧ. 2012ರ ಡಿಸೆಂಬರಿನಲ್ಲಿ ಈ ಮತಾಧಿಕಾರವನ್ನೇ ರದ್ದುಮಾಡುವ ಪ್ರಸ್ತಾಪ ಬಂತು. ಮತ ಹಾಕಿದ ಸುಮಾರು 6.68 ಲಕ್ಷ ಜನರಲ್ಲಿ ಶೇ. 88ರಷ್ಟು ಮಂದಿ ವಿರೋಧಿಸಿದರು. ನೂರು ಕೋಟಿ ಬಳಕೆದಾರರ ನಡುವೆ ಅದು ಲೆಕ್ಕಕ್ಕೇ ಬರಲಿಲ್ಲ. 2018ರಲ್ಲಿ ಶೀರ್ಷಿಕೆಯೂ ಬದಲಾಗಿ 'ಸೇವಾ ನಿಯಮಗಳು' ಎಂದಾಯಿತು. ಹಕ್ಕು ಎಂಬ ಪದ ತಲೆಬರಹದಿಂದ ಹೋಯಿತು, ಹೊಣೆಗಳು ಒಳಗೆ ಹಾಗೆಯೇ ಉಳಿದವು. ಶಾಪವಂತೂ ಯಾರ ಮೇಲೂ ಇರಲಿಲ್ಲ!

ಶಿರಾಳಕೊಪ್ಪದಲ್ಲೋ ಆನವಟ್ಟಿಯಲ್ಲೋ ಮೊಬೈಲ್ ಹಿಡಿದ ಹುಡುಗ ಇದನ್ನೆಲ್ಲ ಓದುವುದಿಲ್ಲ, ಓದಿದರೂ ತಿದ್ದಲಾರ. ಸರಕಾರದ ಎದುರಾದರೆ ನ್ಯಾಯಾಲಯವಿದೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು 66ಎ ಕಲಮನ್ನು ತೊಡೆದುಹಾಕಿತು.

ಆದರೆ ಕಂಪೆನಿಯನ್ನಷ್ಟೇ ದೂರಿ ನಾವು ಪಾರಾಗುವಂತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಆತ ಮುಸಲ್ಮಾನನೆಂದು ನಾವು ಮರುಗಿದೆವು. ಎರಡು ವರ್ಷದ ನಂತರ, 2020ರ ಆಗಸ್ಟ್ 11ರ ರಾತ್ರಿ, ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಒಂದು ನಿಂದನೆಯ ಪೋಸ್ಟಿಗೆ ಉತ್ತರವಾಗಿ ಶಾಸಕರ ಮನೆಗೂ ಪೊಲೀಸ್ ಠಾಣೆಗೂ ಬೆಂಕಿ ಬಿತ್ತು. ಗೋಲಿಬಾರಿನಲ್ಲಿ ಮೂವರು ಸತ್ತರು. ಪೋಸ್ಟ್ ಹಾಕಿದವನ ತಪ್ಪು ತಪ್ಪೇ. ಬೀದಿಗಿಳಿದವರು ನಮ್ಮವರು. ಸುದ್ದಿ ಬಂದರೆ ವಿಚಾರಿಸಿ ನೋಡಿ, ಅರಿಯದೆ ಜನರಿಗೆ ಹಾನಿ ಮಾಡಬೇಡಿ ಎಂಬ ಸೂರಃ ಅಲ್ ಹುಜುರಾತ್‌ನ ಆದೇಶವನ್ನು ಜುಮಾದಲ್ಲಿ ಕೇಳಿದವರು.

2021ರಲ್ಲಿ ಬಂದ ಕೇಂದ್ರದ ನಿಯಮಗಳು, ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ, 15 ದಿನದಲ್ಲಿ ಇತ್ಯರ್ಥ ಎಂದು ಕಂಪೆನಿಗಳಿಗೆ ಗಡುವು ಹಾಕಿದವು. ಡಿ.ಜೆ. ಹಳ್ಳಿಗೆ ಒಂದು ಸಂಜೆ ಸಾಕಾಗಿತ್ತು.