ಎಳೆದು ನೋಡಿದರೆ ಸಾಲದು

ಸುರಂಗದ ಬಂಡೆ ಕಳಚದಂತೆ ಕೊರೆದು ಕೂರಿಸುವ ಉಕ್ಕಿನ ಸರಳು, ಅಂದರೆ ರಾಕ್ ಬೋಲ್ಟ್, ಗಟ್ಟಿಯಾಗಿದೆಯೇ ಎಂದು ಕೇಳಿದರೆ ಗಣಿಯವರೆಲ್ಲ ಕೈತೋರಿಸುವುದು ಪುಲ್ ಟೆಸ್ಟ್ ಕಡೆಗೆ. ಹೈಡ್ರಾಲಿಕ್ ಜ್ಯಾಕ್ ಕಟ್ಟಿ ಎಳೆಯುತ್ತಾರೆ, ಇಷ್ಟು ಟನ್ ತಾಳಿತೆಂದು ಬರೆದಿಡುತ್ತಾರೆ. ಬ್ಲಾಸ್ಟಿಂಗ್ ನಡೆಯುವ ಜಾಗದಲ್ಲಿ ಈ ಪರೀಕ್ಷೆಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು.

ಗಟ್ಟಿ ಬಂಡೆಯಲ್ಲಿ 20 ಮಿಲಿಮೀಟರ್ ಸರಳಿಗೆ ರಂಧ್ರದಲ್ಲಿ ತುಂಬಿದ ಸಿಮೆಂಟ್ ಗ್ರೌಟ್ ಚೆನ್ನಾಗಿ ಕಚ್ಚಿದ್ದರೆ, ಸುಮಾರು ಅರ್ಧ ಮೀಟರಿನ ಹಿಡಿತವೇ ಉಕ್ಕು ಸೋಲುವಷ್ಟು ಎಳೆತವನ್ನು ಹೊರುತ್ತದೆ. ಮಿಕ್ಕ ಉದ್ದದಲ್ಲಿ ಗ್ರೌಟ್ ಬಿರಿದಿದ್ದರೂ, ತುಂಬದೇ ಉಳಿದಿದ್ದರೂ ಜ್ಯಾಕ್‌ಗೆ ಗೊತ್ತಾಗುವುದಿಲ್ಲ.

ಸ್ಫೋಟದ ಅಲೆ ಕೇಳುವ ಪ್ರಶ್ನೆಯೇ ಬೇರೆ. ಬಂಡೆಯನ್ನು ಒತ್ತುತ್ತಾ ಬರುವ ಅಲೆ ಸುರಂಗದ ಬರಿಮೈ ತಾಕಿದೊಡನೆ ಎಳೆಯುವ ಅಲೆಯಾಗಿ ಹಿಂದಿರುಗುತ್ತದೆ. ಅಲ್ಲಿ ಬಂಡೆಯ ಕಣಗಳು ಅದುರುವ ವೇಗ, ಅಂದರೆ ಕಣವೇಗ, ಹೆಚ್ಚುಕಡಿಮೆ ಇಮ್ಮಡಿಸುತ್ತದೆ; ಮೊದಲೇ ಬಿರುಕಿದ್ದ ಚಪ್ಪಡಿ ಕಿತ್ತು ಬರುತ್ತದೆ. ಒಂದು ಟನ್ ಚಪ್ಪಡಿ ಗೋಡೆಯಿಂದ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟಿತೆನ್ನಿ. ಸುಮಾರು 10 ಟನ್ ಬಲದಿಂದ ಅದನ್ನು ತಡೆಯುವ ಬೋಲ್ಟ್ 20 ಮಿಲಿಮೀಟರ್ ಹಿಗ್ಗಬೇಕು. ವೇಗ ಇಮ್ಮಡಿಯಾದರೆ 80. ಉದ್ದಕ್ಕೂ ಗ್ರೌಟ್ ಹಿಡಿದ ಸರಳು ಬಿರುಕಿನ ಬಾಯಲ್ಲಷ್ಟೇ ಹಿಗ್ಗಬಲ್ಲದು. ಆ 80 ಮಿಲಿಮೀಟರ್ ಮುಟ್ಟುವ ಮೊದಲೇ ತುಂಡಾಗುತ್ತದೆ. ಟನ್ನುಗಳ ಲೆಕ್ಕದಲ್ಲಿ ಪಾಸಾದ ಬೋಲ್ಟ್ ಹಿಗ್ಗುವ ಲೆಕ್ಕದಲ್ಲಿ ಫೇಲಾಗುವುದು ಹೀಗೆ.

ಪುಲ್ ಟೆಸ್ಟನ್ನು ಟೀಕಿಸುವ ಇನ್ನೊಂದು ಬಣವನ್ನೂ ನಾನು ಒಪ್ಪಲಾರೆ. ಅವರ ಪಾಲಿಗೆ ಕಣವೇಗದ ಗರಿಷ್ಠ ಅಂಕಿಯೊಂದೇ ಸಾಕು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಊರಿನ ಮನೆಗಳಿಗೆಂದು ಕೊಟ್ಟ ಮಿತಿ, ಆವರ್ತನಕ್ಕೆ ತಕ್ಕಂತೆ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್. ಅದು ನೆಲದ ಮೇಲಿನ ಗೋಡೆಗಳ ಮಾತು. ಅದನ್ನೇ ಹೊತ್ತು ಭೂಗತಕ್ಕಿಳಿಯುವವರು, ಒಂದೇ ವೇಗದ ಅಲೆ ಅಖಂಡ ಬಂಡೆಯನ್ನು ಸುಮ್ಮನೆ ದಾಟಿ ಬಿರುಕು ಬಂಡೆಯನ್ನು ಕೆಡವಬಲ್ಲದೆಂಬುದನ್ನು ಮರೆಯುತ್ತಾರೆ. ಬೋಲ್ಟ್ ಯಾವ ಜಾತಿಯದೆಂದೂ ಅವರು ಕೇಳುವುದಿಲ್ಲ. ತುದಿಯಲ್ಲಿ ಮಾತ್ರ ಕಚ್ಚಿರುವ ಯಾಂತ್ರಿಕ ಬೋಲ್ಟ್ ಪದೇ ಪದೇ ಅದುರಿದರೆ ಬಿಗಿ ಕಳೆದುಕೊಳ್ಳುತ್ತದೆ. ಗ್ರೌಟ್ ಮಾಡಿದ್ದು ಅಷ್ಟು ಸುಲಭವಾಗಿ ಸಡಿಲವಾಗದು.

ಹೊಸ ಗ್ರೌಟ್ ಸರಿಯಾಗಿ ಗಟ್ಟಿಯಾಗಿದೆಯೇ ಎಂದು ತಿಳಿಯಲು ಪುಲ್ ಟೆಸ್ಟ್ ಬೇಕು, ಇರಲಿ. ಆದರೆ ಅದರ ಫಲಿತಾಂಶ ಬರೆಯುವ ಪುಟದಲ್ಲೇ ಸ್ಫೋಟದ ದೂರ, ಒಂದೊಂದು ಡಿಲೇಯಲ್ಲಿ, ಅಂದರೆ ಒಮ್ಮೆಗೆ, ಸಿಡಿಯುವ ಮದ್ದಿನ ತೂಕ, ನಟ್ ಸಡಿಲಿದ ಬೋಲ್ಟ್‌ಗಳ ಎಣಿಕೆ ಇರಲೇಬೇಕು. ಕೈಯಲ್ಲಿ ಹಿಡಿದ ಸರಳಿನಿಂದ ಚಾವಣಿ ಬಡಿದಾಗ ಟೊಳ್ಳು ಸದ್ದು ಬಂದರೆ ಅದನ್ನೂ ಬರೆಯಬೇಕು. ಆ ಚಾವಣಿಯ ಕೆಳಗೆ ನಿಲ್ಲುವ ಮನುಷ್ಯನಿಗೆ ಜ್ಯಾಕಿನ ಅಂಕಿಗಿಂತ ಆ ಸದ್ದು ಹತ್ತಿರದ್ದು.